ಮೂತಿ ಮೊದಲು, ಗೂನು ಆಮೇಲೆ: ಡಾಲ್ಫಿನ್ ಮತ್ತು ಕಡಲಜೀವಿಗಳ ಫೋಟೊ ತೆಗೆಯುವ ಬಗೆ

ಗೋವಾದ ವಾಸ್ಕೊದಲ್ಲಿರುವ ನನ್ನ ಸ್ಟುಡಿಯೋಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಿಕೊಳ್ಳಲು ಬರುವವರಲ್ಲಿ ಕನ್ನಡದವರು ಬಹಳ. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಊರಿನಿಂದ ನೆಂಟರು ಬಂದಾಗಲೆಲ್ಲ ಅವರು ಕೇಳುವುದು ಒಂದೇ ಮಾತು: “ಅಕ್ಕಾ, ಇಲ್ಲಿ ಡಾಲ್ಫಿನ್ ಷೋ ಎಲ್ಲಿದೆ? ಮಕ್ಕಳಿಗೆ ತೋರಿಸಬೇಕು, ಒಳ್ಳೆಯ ಫೋಟೊ ಬರಬೇಕು.”

ಅಂಥ ಷೋ ಗೋವಾದಲ್ಲಿ ಇಲ್ಲ, ಇರುವುದೂ ಬೇಡ. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಅದಕ್ಕೂ ಮೊದಲು, 1990ರ ದಶಕದ ಕೊನೆಯಲ್ಲಿ, ಚೆನ್ನೈ ಹತ್ತಿರದ ಒಂದು ಮನರಂಜನಾ ತಾಣಕ್ಕೆ ಬಲ್ಗೇರಿಯದಿಂದ ಡಾಲ್ಫಿನ್‌ಗಳನ್ನು ತರಿಸಿದ್ದರು. ಅವು ಕೆಲವೇ ತಿಂಗಳಲ್ಲಿ ಸತ್ತುಹೋದವು. ಹೀಗಾಗಿ ನಮ್ಮಲ್ಲಿ ಡಾಲ್ಫಿನ್ ಫೋಟೊ ಬೇಕೆಂದರೆ ಸಮುದ್ರಕ್ಕೇ ಹೋಗಬೇಕು. ಮೀನು, ಜೆಲ್ಲಿಮೀನು, ಕಡಲಕುದುರೆಗಳು ಬೇಕೆಂದರೆ ಗಾಜಿನ ತೊಟ್ಟಿಯ ಮುಂದೆ ನಿಲ್ಲಬಹುದು. ಎರಡಕ್ಕೂ ಬೇಕಾದ ಕೈಚಳಕ ಬೇರೆ ಬೇರೆ. ಆದರೆ ಪ್ರಾಣಿ ಮುಂದಿನ ಗಳಿಗೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲೇ ತಿಳಿದವರಿಗೇ ಚಿತ್ರ ಸಿಗುತ್ತದೆ ಎಂಬುದು ಎರಡೂ ಕಡೆ ನಿಜ. ಅಟ್ಟಿಸಿಕೊಂಡು ಹೋದವರಿಗೆ ಸಿಗುವುದು ಬೆನ್ನು ಮಾತ್ರ.

ಗೋವಾದ ದಡದ ಹತ್ತಿರ ಕಾಣುವುದು ಮುಖ್ಯವಾಗಿ ಗೂನುಬೆನ್ನಿನ ಡಾಲ್ಫಿನ್. ಬೂದು ಬಣ್ಣ, ಬೆನ್ನ ಮಧ್ಯೆ ಉದ್ದನೆಯ ಉಬ್ಬು, ಉಬ್ಬಿನ ಮೇಲೆ ಚಿಕ್ಕ ರೆಕ್ಕೆ. ಬೆಳೆದ ಪ್ರಾಣಿ ಸುಮಾರು ಎರಡೂವರೆ ಮೀಟರ್ ಉದ್ದ ಇರುತ್ತದೆ. ಆಳ ಕಡಿಮೆ ಇರುವ ನೀರು, ನದಿ ಸಮುದ್ರ ಸೇರುವ ಅಳಿವೆಗಳು ಇದಕ್ಕೆ ಇಷ್ಟ; ಮಾಂಡೋವಿ, ಜುವಾರಿ ಕೂಡುವ ಕಡೆ ಕಾಣಿಸಿಕೊಳ್ಳುವುದು ಅದಕ್ಕೇ. ದಡಕ್ಕೆ ಇಷ್ಟು ಹತ್ತಿರ ಬದುಕುವುದೇ ಇದಕ್ಕೆ ಕಂಟಕವೂ ಆಗಿದೆ. ಬಲೆ, ದೋಣಿ, ಕೊಳಚೆ ಎಲ್ಲವೂ ಇರುವುದು ಅಲ್ಲೇ. 2017ರಲ್ಲಿ ಇದನ್ನು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಜೀವಿ ಎಂದು ಸೇರಿಸಿದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ, ಡಾಲ್ಫಿನ್ ಕೂಡ ಇದೆ. ದೋಣಿ ಹತ್ತುವಾಗ ಇದು ನೆನಪಿನಲ್ಲಿರಲಿ.

ದೋಣಿಗಳು ಸಿಂಕೇರಿ, ಕೋಕೊ ಬೀಚ್, ಕೋಲ್ವಾ, ಪಾಲೊಳೆಂ ಹೀಗೆ ಹಲವು ಕಡೆಯಿಂದ ಹೊರಡುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ಆಗ ಹೋಗುವ ಮಾತೇ ಇಲ್ಲ. ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗುಗಳು ನನಗೆ ಅಚ್ಚುಮೆಚ್ಚು. ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ, ನೀರಿನ ಮೈ ನುಣುಪಾಗಿರುತ್ತದೆ, ದೂರದಲ್ಲಿ ಒಂದು ರೆಕ್ಕೆ ಮೇಲೆದ್ದರೂ ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ನೀರೆಲ್ಲ ಸಣ್ಣ ಸಣ್ಣ ಅಲೆಗಳಾಗಿ ಒಡೆಯುತ್ತದೆ. ಆಗ ಪ್ರತಿಯೊಂದು ಅಲೆಯೂ ಡಾಲ್ಫಿನ್‌ನಂತೆ ಕಂಡು ಕಣ್ಣು ಸೋಲುತ್ತದೆ.

ಕೂರುವ ಜಾಗದ ಬಗ್ಗೆ ಒಂದು ಮಾತು. ಗೋವಾದ ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ನೆಲದ ಕಡೆಯಿಂದ ಏರುತ್ತಾನೆ. ಆದ್ದರಿಂದ ದೋಣಿಯಲ್ಲಿ ತೆರೆದ ಸಮುದ್ರದ ಕಡೆಗಿರುವ ಅಂಚಿನಲ್ಲಿ ಕುಳಿತುಕೊಳ್ಳಿ. ಬೆಳಕು ನಿಮ್ಮ ಬೆನ್ನಿಗಿದ್ದು ಡಾಲ್ಫಿನ್‌ನ ಒದ್ದೆ ಮೈಮೇಲೆ ಬೀಳುತ್ತದೆ. ಸಂಜೆ ಇದು ತಿರುವುಮುರುವಾಗುತ್ತದೆ: ಬೆಳಕು ಸಮುದ್ರದ ಕಡೆಯಿಂದ ಬರುತ್ತದೆ, ದಡದ ಕಡೆ ಮುಖ ಮಾಡಿ ಕೂರಬೇಕು. ಸಿಂಕೇರಿ ಕಡೆಯಿಂದ ಸಂಜೆ ಹೋದರೆ ಇದರಿಂದ ಒಂದು ಲಾಭವಿದೆ. 1612ರಲ್ಲಿ ಪೋರ್ಚುಗೀಸರು ಕಟ್ಟಿದ ಅಗ್ವಾದ ಕೋಟೆಯ ಕೆಂಪು ಕಲ್ಲಿನ ಗೋಡೆ ಬಿಸಿಲಿಗೆ ಹೊಳೆಯುತ್ತಿರುತ್ತದೆ. ಅದರ ಮುಂದೆ ಒಂದು ಬೆನ್ನು ಎದ್ದರೆ, ಚಿತ್ರ ನೋಡಿದವರಿಗೆ ಇದು ಯಾವ ಊರು ಎಂದು ಹೇಳಬೇಕಾಗಿಲ್ಲ.

ಇನ್ನು ಡಾಲ್ಫಿನ್ ಮೇಲೆ ಬರುವ ಬಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಬೇರೆ ಹಲವು ಡಾಲ್ಫಿನ್‌ಗಳು ನೀರಿನಿಂದ ಚಂಗನೆ ನೆಗೆಯುತ್ತವೆ. ಪೋಸ್ಟರುಗಳಲ್ಲಿ ನಾವು ನೋಡುವುದು ಅದನ್ನೇ. ನಮ್ಮ ಗೂನುಬೆನ್ನಿನದು ಹಾಗೆ ನೆಗೆಯುವುದು ಅಪರೂಪ. ಮೊದಲು ಉದ್ದನೆಯ ಮೂತಿ ಓರೆಯಾಗಿ ನೀರನ್ನು ಸೀಳಿಕೊಂಡು ಮೇಲೆ ಬರುತ್ತದೆ. ಅದರ ಹಿಂದೆಯೇ ನೆತ್ತಿ, ನೆತ್ತಿಯ ಮೇಲಿನ ಉಸಿರುರಂಧ್ರ. ಎಂಜಿನ್ ನಿಲ್ಲಿಸಿದ್ದರೆ ಆಗ “ಫುಸ್” ಎಂಬ ಸದ್ದು ಕೇಳಿಸುತ್ತದೆ, ಕ್ಷಣಮಾತ್ರ ಸಣ್ಣ ಹನಿಗಳ ಮಂಜು ಏಳುತ್ತದೆ. ಆಮೇಲೆ ಮೂತಿ ಕೆಳಗಿಳಿದು ಬೆನ್ನು ಬಾಗುತ್ತದೆ, ಗೂನು ಮೇಲೇಳುತ್ತದೆ, ರೆಕ್ಕೆಯಿಂದ ನೀರು ಜಾರುತ್ತದೆ. ಹೀಗೆ ಕೆಲವು ಸಲ ಸಣ್ಣ ಸಣ್ಣ ಅಂತರದಲ್ಲಿ ಉಸಿರಾಡಿದ ಮೇಲೆ ಬೆನ್ನು ಇನ್ನಷ್ಟು ಎತ್ತರಕ್ಕೆ ಬಾಗಿ, ಎಷ್ಟೋ ಸಲ ಬಾಲವೂ ಮೇಲೆ ಕಾಣಿಸಿ, ದೀರ್ಘ ಮುಳುಗು ಹಾಕುತ್ತದೆ.

ದೋಣಿಯಲ್ಲಿರುವ ಹೆಚ್ಚಿನವರು ಗೂನು ಕಂಡ ಮೇಲೆ ಕ್ಯಾಮೆರಾ ಎತ್ತುತ್ತಾರೆ. ಅಷ್ಟರಲ್ಲಿ ಮುಖ ನೀರಿನೊಳಗೆ ಹೋಗಿರುತ್ತದೆ. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಯನ್ನು ಹಿಡಿಯುವ ಫೋಟೊಗ್ರಾಫರ್ ಓಲಗದವರ ಕಡೆ ಒಂದು ಕಿವಿ ಇಟ್ಟಿರುತ್ತಾನೆ, ಗಟ್ಟಿಮೇಳ ಮೊಳಗುವ ಹೊತ್ತಿಗೆ ಕ್ಯಾಮೆರಾ ಆಗಲೇ ಕಣ್ಣಿನ ಹತ್ತಿರ ಇರುತ್ತದೆ. ಇಲ್ಲಿ ಮೂತಿಯೇ ಗಟ್ಟಿಮೇಳ. ಮೂತಿಯ ತುದಿ ಕಂಡ ತಕ್ಷಣ ಗುಂಡಿ ಒತ್ತಿ, ಬೆನ್ನು ಮುಳುಗುವವರೆಗೆ ಬಿಡಬೇಡಿ. ಒಂದೇ ಉಸಿರಿನಲ್ಲಿ ಬಂದ ಚಿತ್ರಗಳ ಸಾಲಿನಲ್ಲಿ ಕಣ್ಣು ಕಾಣುವ ಚಿತ್ರ ಯಾವಾಗಲೂ ಮೊದಲ ಭಾಗದಲ್ಲೇ ಇರುತ್ತದೆ. ಮೊದಲ ಉಸಿರು ನಿಮ್ಮ ಕೈ ತಪ್ಪಿದರೆ ಚಿಂತೆಯಿಲ್ಲ. ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನೋಡಿಕೊಂಡು, ಆ ದಾರಿಯಲ್ಲಿ ಸ್ವಲ್ಪ ಮುಂದಕ್ಕೆ, ಅಷ್ಟೇ ದೂರದ ನೀರಿಗೆ ಫೋಕಸ್ ಮಾಡಿಟ್ಟು ಕಾಯಿರಿ. ಬಾಲ ಕಂಡಿತೆಂದರೆ ಮಾತ್ರ ಕ್ಯಾಮೆರಾ ಇಳಿಸಿ, ಕಣ್ಣಿಗೆ ಬಿಡುವು ಕೊಡಿ. ಇನ್ನು ಸ್ವಲ್ಪ ಹೊತ್ತು ಅದು ಬರುವುದಿಲ್ಲ. ಮತ್ತೆ ಎಲ್ಲಿ ಏಳುತ್ತದೆ ಎಂದು ತಿಳಿಯಲು ಹಕ್ಕಿಗಳನ್ನು ನೋಡಿ. ರೀವಗಳು (ಟರ್ನ್ ಎಂಬ ಕಡಲಹಕ್ಕಿಗಳು) ಒಂದೇ ಕಡೆ ಸುತ್ತುತ್ತ ನೀರಿಗೆ ಎರಗುತ್ತಿದ್ದರೆ ಅಲ್ಲಿ ಮೀನಿನ ಹಿಂಡು ಇದೆ ಎಂದರ್ಥ. ಮೀನು ಇದ್ದಲ್ಲಿಗೆ ಡಾಲ್ಫಿನ್ ಬಂದೀತು.

ಕ್ಯಾಮೆರಾದ ಹೊಂದಿಕೆ ಕಷ್ಟದ್ದಲ್ಲ. ಶಟರ್ ವೇಗ 1/1000 ಸೆಕೆಂಡಿಗಿಂತ ಕಡಿಮೆ ಬೇಡ. ಬೆಳಕಿದ್ದರೆ 1/2000ಕ್ಕೆ ಏರಿಸಿ, ಆಗ ರೆಕ್ಕೆಯಿಂದ ಜಾರುವ ಹನಿಗಳೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ತಾನೇ ಬದಲಾಗುವಂತೆ ಬಿಡಿ. ಫೋಕಸ್ ಚಲಿಸುವ ವಸ್ತುವನ್ನು ಬೆನ್ನಟ್ಟುವ ಬಗೆಯದ್ದಿರಲಿ, ಮಧ್ಯದ ಕೆಲವು ಬಿಂದುಗಳನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಅದು ಹತ್ತಿರದ ಅಲೆಯ ಮಿಂಚಿಗೆ ಮರುಳಾಗುತ್ತದೆ. ಬಿಸಿಲಿನಲ್ಲಿ ಒದ್ದೆ ಬೆನ್ನು ಬೆಳ್ಳಗೆ ಸುಟ್ಟಂತೆ ಕಾಣುವುದರಿಂದ ಬೆಳಕನ್ನು ಅರ್ಧ ಸ್ಟಾಪಿನಷ್ಟು (ಸ್ಟಾಪ್ ಎಂದರೆ ಬೆಳಕಿನ ಅಳತೆಯ ಒಂದು ಮೆಟ್ಟಿಲು) ತಗ್ಗಿಸಿ. 70-300 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ಸಾಕು. ದೊಡ್ಡ ಲೆನ್ಸ್ ಹೊತ್ತು ಬರುವವರನ್ನು ನೋಡಿದ್ದೇನೆ. ತೂಗಾಡುವ ದೋಣಿಯಲ್ಲಿ ಅದರ ಚಿಕ್ಕ ಚೌಕಟ್ಟಿನೊಳಗೆ ಡಾಲ್ಫಿನ್‌ನನ್ನು ಹುಡುಕುವುದರಲ್ಲೇ ಅವರ ಹೊತ್ತು ಕಳೆಯುತ್ತದೆ. ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ, ಎಂಜಿನ್ನಿನ ನಡುಕವೆಲ್ಲ ಕ್ಯಾಮೆರಾಕ್ಕೆ ಬರುತ್ತದೆ. ಮೊಣಕೈ ಪಕ್ಕೆಗೆ ಒತ್ತಿರಲಿ.

ಮೊಬೈಲಿನಲ್ಲಿ ತೆಗೆಯುವವರು ಬೆರಳಿನಿಂದ ಹಿಗ್ಗಿಸಿ ತೆಗೆಯುವ ಆಸೆಯನ್ನು ಬಿಡಬೇಕು. ಒಳ್ಳೆಯ ಗುಣಮಟ್ಟದ ವಿಡಿಯೊ ಮಾಡಿ, ಆಮೇಲೆ ಅದರಿಂದ ಬೇಕಾದ ಚೌಕಟ್ಟನ್ನು ಆರಿಸಿಕೊಳ್ಳಿ. ಡಾಲ್ಫಿನ್ ಚಿಕ್ಕದಾಗಿ ಕಂಡರೂ ಸರಿ, ದೋಣಿಯ ಮೂಗು, ಮಕ್ಕಳ ಮುಖ, ದೂರದ ದಡ ಎಲ್ಲ ಸೇರಿದ ಅಗಲದ ಚಿತ್ರ ಮೊಬೈಲಿಗೆ ಚೆನ್ನಾಗಿ ಒಪ್ಪುತ್ತದೆ.

ದೋಣಿ ನಡೆಸುವವರ ಜೊತೆ ಹೊರಡುವ ಮೊದಲೇ ಮಾತಾಡಿಕೊಳ್ಳಿ. ನಾನು ಹೋಗುವ ದೋಣಿಯ ಹುಡುಗ ಕಾರವಾರದವನು. “ಬೆನ್ನಟ್ಟುವುದು ಬೇಡ ತಮ್ಮಾ, ಸುಮಾರು ಐವತ್ತು ಮೀಟರ್ ದೂರದಲ್ಲೇ ಎಂಜಿನ್ ನಿಲ್ಲಿಸು” ಎಂದು ಅವನಿಗೆ ಹೇಳಿಟ್ಟಿದ್ದೇನೆ. “ನಿಲ್ಲಿಸಿದರೆ ಅವೇ ಹತ್ತಿರ ಬರುತ್ತವೆ ಅಕ್ಕಾ, ನನಗೂ ಗೊತ್ತು. ಆದರೆ ಗಿರಾಕಿಗಳು ಕೂಗಾಡುತ್ತಾರೆ” ಎಂದ. ಅವನ ಮಾತಿನಲ್ಲಿ ಸತ್ಯವಿದೆ. ದುಡ್ಡು ಕೊಟ್ಟವರು “ಹತ್ತಿರ, ಇನ್ನೂ ಹತ್ತಿರ” ಎಂದು ಒತ್ತಾಯಿಸುವುದರಿಂದಲೇ ಒಂದು ಪ್ರಾಣಿಯ ಸುತ್ತ ನಾಲ್ಕಾರು ದೋಣಿಗಳು ಮುತ್ತಿಕೊಳ್ಳುತ್ತವೆ. ಡಾಲ್ಫಿನ್‌ಗಳು ಸದ್ದಿನ ಮೂಲಕವೇ ದಾರಿ ಹುಡುಕುತ್ತವೆ, ಬೇಟೆಯಾಡುತ್ತವೆ, ಮರಿಯನ್ನು ಕರೆಯುತ್ತವೆ. ಎಂಜಿನ್ನುಗಳ ಗದ್ದಲದ ನಡುವೆ ಅವಕ್ಕೆ ಇದೆಲ್ಲ ಕಷ್ಟ. ಆದ್ದರಿಂದ ನಿಲ್ಲಿಸಿ ಎಂದು ಹೇಳಬೇಕಾದವರು ನಾವು, ಕ್ಯಾಮೆರಾ ಹಿಡಿದವರು. ಒಂದು ಗುಂಪಿನ ಬಳಿ ಆಗಲೇ ದೋಣಿಗಳಿದ್ದರೆ ಬೇರೆ ಕಡೆ ಹೋಗೋಣ ಎನ್ನಿ. ತಾಯಿಯ ಪಕ್ಕದಲ್ಲಿ ತಿಳಿ ಬಣ್ಣದ ಮರಿ ಕಂಡರಂತೂ ಇನ್ನಷ್ಟು ದೂರ ಸರಿಯಿರಿ. ಅವುಗಳ ಎದುರಿಗೆ ಅಡ್ಡ ಹೋಗಬಾರದು, ತಿನ್ನಲು ಏನನ್ನೂ ಎಸೆಯಬಾರದು. ಲೈಫ್ ಜಾಕೆಟ್ ಬಿಚ್ಚಿ ಫೋಟೊ ತೆಗೆಯುವುದೂ ಬೇಡ.

ಈಗ ಗಾಜಿನ ಕಡೆಗೆ ಬರೋಣ. ಗಾಜಿನ ಮುಂದಿನ ಪಾಠ ನನಗೆ ಆದದ್ದು ಮುಂಬಯಿಯಲ್ಲಿ. ಮಾತುಂಗದಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ಬೈಕಲಾದ ಮೃಗಾಲಯಕ್ಕೆ ಹೋಗುವುದು ನನ್ನ ರೂಢಿ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಅಲ್ಲಿಗೆ ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತಂದರು, ಮರುವರ್ಷ ಜನರಿಗೆ ತೋರಿಸತೊಡಗಿದರು. ಮೂಲತಃ ಪೆರು, ಚಿಲಿ ದೇಶಗಳ ಕರಾವಳಿಯ ಹಕ್ಕಿಗಳಿವು. ನೀರಿನೊಳಗೆ ಬಾಣದಂತೆ ಹೋಗುವ ಪ್ರಾಣಿಯನ್ನು ಗಾಜಿನಾಚೆಯಿಂದ ಹಿಡಿಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ನನಗೆ ಗೊತ್ತಿಲ್ಲ. ಬುಧವಾರ ರಜೆ ಎಂಬುದು ನೆನಪಿರಲಿ. ಹುಬ್ಬಳ್ಳಿ, ಬೆಂಗಳೂರುಗಳ ಮೇಳಗಳಿಗೆ ಆಗಾಗ ಬರುವ ಮೀನಿನ ಸುರಂಗಗಳಿಗೂ ಕೆಳಗಿನ ಮಾತುಗಳೆಲ್ಲ ಹೊಂದುತ್ತವೆ.

ಗಾಜಿನ ಮುಂದೆ ಶತ್ರು ಎಂದರೆ ನಿಮ್ಮದೇ ಪ್ರತಿಬಿಂಬ. ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ. ಬಿಳಿ ಅಂಗಿ ಹಾಕಿದರೆ ಪ್ರತಿ ಮೀನಿನ ಮೇಲೂ ನಿಮ್ಮ ಹೊಟ್ಟೆ ಮೂಡುತ್ತದೆ. ಲೆನ್ಸಿಗೆ ರಬ್ಬರಿನ ಹುಡ್ ಹಾಕಿ ಅದನ್ನು ಗಾಜಿಗೆ ಮೆಲ್ಲನೆ ಆನಿಸಿ. ಆಗ ಹಿಂದಿನ ಬೆಳಕೆಲ್ಲ ಕತ್ತರಿಸಿಹೋಗುತ್ತದೆ, ಕೈ ನಡುಗುವುದೂ ನಿಲ್ಲುತ್ತದೆ. ಹುಡ್ ಇಲ್ಲದಿದ್ದರೆ ಕಪ್ಪು ಬಟ್ಟೆಯ ತುಂಡಿನಲ್ಲಿ ಲೆನ್ಸ್ ಹಿಡಿಯುವಷ್ಟು ತೂತು ಮಾಡಿ ಸುತ್ತಿಕೊಳ್ಳಿ, ಅದೂ ಸಾಕು. ಇಲ್ಲಿ ಮೊಬೈಲೇ ಮೇಲು: ಅದರ ಚಿಕ್ಕ ಲೆನ್ಸನ್ನು ಗಾಜಿಗೆ ಪೂರ್ತಿ ಅಂಟಿಸಬಹುದು. ಮಕ್ಕಳ ಬೆರಳಚ್ಚುಗಳನ್ನು ಒರೆಸಲು ಮೆತ್ತನೆಯ ಬಟ್ಟೆಯೊಂದು ಜೇಬಿನಲ್ಲಿರಲಿ. ಬಾಗಿಲು ತೆರೆದ ಹೊತ್ತಿಗೇ ಹೋದರೆ ಆ ಕೆಲಸವೂ ಉಳಿಯುತ್ತದೆ.

ಗಾಜಿಗೆ ನೇರವಾಗಿಯೇ ನಿಲ್ಲಬೇಕು. ದೊಡ್ಡ ತೊಟ್ಟಿಗಳದ್ದು ನಿಜವಾಗಿ ಗಾಜಲ್ಲ, ದಪ್ಪನೆಯ ಅಕ್ರಿಲಿಕ್. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಚುರೌಮಿ ಅಕ್ವೇರಿಯಂನ ದೊಡ್ಡ ತೊಟ್ಟಿಯದ್ದು 60 ಸೆಂಟಿಮೀಟರ್ ದಪ್ಪ. ಇಂಥದ್ದರ ಮೂಲಕ ಓರೆಯಾಗಿ ತೆಗೆದರೆ ಬೆಳಕು ಬಾಗಿ ಚಿತ್ರ ಮಸುಕಾಗುತ್ತದೆ, ಮೀನಿನ ಅಂಚಿಗೆ ನೇರಳೆ, ಹಸಿರು ಗೆರೆಗಳು ಅಂಟಿಕೊಳ್ಳುತ್ತವೆ. ಬಾಗಿದ ಸುರಂಗದಲ್ಲೂ ನೇರ ತಲೆಯ ಮೇಲೆ ಬರುವ ಮೀನನ್ನೇ ಆರಿಸಿಕೊಳ್ಳಿ. ಹೊಳಪಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ಇಲ್ಲಿ ತೆಗೆದಿಡಿ. ಅಕ್ರಿಲಿಕ್‌ನೊಳಗಿನ ಒತ್ತಡದ ಗೆರೆಗಳು ಕಾಮನಬಿಲ್ಲಿನ ಪಟ್ಟೆಗಳಾಗಿ ಕಾಣಿಸುತ್ತವೆ.

ಫ್ಲ್ಯಾಶ್ ಬೇಡವೇ ಬೇಡ. ಗಾಜಿನಲ್ಲಿ ಬಿಳಿ ಉರಿ ಬೀಳುವುದು ಒಂದು, ರೆಪ್ಪೆಯಿಲ್ಲದ ಕಣ್ಣುಗಳ ಮೀನಿಗೆ ಆಗುವ ತೊಂದರೆ ಇನ್ನೊಂದು. ಫೋಕಸ್‌ಗೆಂದು ಕ್ಯಾಮೆರಾ ತಾನಾಗಿ ಬೀರುವ ಕೆಂಪು ದೀಪವನ್ನೂ ಮೆನುವಿಗೆ ಹೋಗಿ ಆಫ್ ಮಾಡಿಡಿ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಗಾಜನ್ನು ತಟ್ಟಬೇಡಿ. ಮೀನಿನ ಪಕ್ಕೆಯ ಉದ್ದಕ್ಕೂ ನೀರಿನ ಕದಲಿಕೆಯನ್ನು ಗ್ರಹಿಸುವ ಸಾಲೊಂದಿದೆ. ನಿಮ್ಮ ತಟ್ಟುವಿಕೆ ಅದರ ಇಡೀ ಮೈಗೆ ತಾಗುತ್ತದೆ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆಯಿರಿ, ಎಫ್ 1.8 ಅಥವಾ 2.8. ಐಎಸ್‌ಒ 1600ರಿಂದ 6400ರವರೆಗೆ ಹೋದರೂ ಅಂಜಬೇಡಿ, ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು. ನಿಧಾನದ ಮೀನಿಗೆ 1/125 ಸೆಕೆಂಡ್ ಸಾಕು, ಪೆಂಗ್ವಿನ್‌ನಂಥವಕ್ಕೆ 1/500 ಬೇಕು. ಚಿತ್ರದಲ್ಲಿ ಅಡ್ಡಡ್ಡ ಪಟ್ಟೆಗಳು ಬಂದರೆ ಅದು ದೀಪದ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಮಾಯವಾಗುತ್ತದೆ. ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಕಡತವಾಗಿ, ತೆಗೆದಿಟ್ಟರೆ ನೀಲಿ ದೀಪದ ಬಣ್ಣವನ್ನು ಮನೆಯಲ್ಲಿ ಸರಿಪಡಿಸಬಹುದು.

ಯಾವ ಜೀವಿಯಿಂದ ಶುರು ಮಾಡುವುದು? ಸಿಂಹಮೀನಿನಿಂದ ಎನ್ನುತ್ತೇನೆ. ರೆಕ್ಕೆಗಳನ್ನು ಬಿಚ್ಚಿಕೊಂಡು ಅದು ಒಂದೇ ಕಡೆ ತೇಲುತ್ತ ನಿಂತಿರುತ್ತದೆ, ಕಣ್ಣಿಗೆ ಫೋಕಸ್ ಮಾಡಲು ಬೇಕಾದಷ್ಟು ಸಮಯ ಕೊಡುತ್ತದೆ. ಆ ಕಣ್ಣಿನ ಮೇಲೆ ಹಾದುಹೋಗುವ ಕಂದು ಪಟ್ಟೆಯನ್ನು ಗಮನಿಸಿ. ಪಟ್ಟೆಯ ನಡುವೆ ಪಾಪೆ ಅಡಗಿಕೊಂಡಿರುತ್ತದೆ. ಅಲ್ಲಿ ಪುಟ್ಟದೊಂದು ಬೆಳಕಿನ ಚುಕ್ಕೆ ಬೀಳುವವರೆಗೆ ಕಾದರೆ ಮಾತ್ರ ಮುಖಕ್ಕೆ ಜೀವ ಬರುತ್ತದೆ. ಕೋಡಂಗಿ ಮೀನು (ಕ್ಲೌನ್ ಫಿಶ್) ಚುರುಕಾದದ್ದು, ಆದರೆ ಸುತ್ತಾಡಿ ಮತ್ತೆ ತನ್ನ ಕಡಲಹೂವಿಗೇ (ಹೂವಿನಂತೆ ಕಾಣುವ ಸೀ ಅನಿಮೋನ್ ಎಂಬ ಜೀವಿ) ಮರಳುತ್ತದೆ. ಮೀನನ್ನು ಹಿಂಬಾಲಿಸದೆ ಕಡಲಹೂವಿಗೆ ಫೋಕಸ್ ಇಟ್ಟುಕೊಂಡು ಕೂತರೆ ಅದೇ ಚೌಕಟ್ಟಿನೊಳಗೆ ಬರುತ್ತದೆ. ಜೆಲ್ಲಿಮೀನಿಗೆ ಹಿನ್ನೆಲೆ ಕಪ್ಪಾಗಿರುವುದರಿಂದ ಕ್ಯಾಮೆರಾ ಮೋಸಹೋಗಿ ಹೆಚ್ಚು ಬೆಳಕು ತೆಗೆದುಕೊಳ್ಳುತ್ತದೆ, ಒಂದು ಸ್ಟಾಪ್ ತಗ್ಗಿಸಿ. ಯಾವುದೇ ಇರಲಿ, ಗಾಜಿನ ಹತ್ತಿರ ಬಂದದ್ದನ್ನೇ ತೆಗೆಯಿರಿ. ನಡುವೆ ನೀರು ಹೆಚ್ಚಿದಷ್ಟೂ ಬಣ್ಣ ಸಾಯುತ್ತದೆ, ಅದರಲ್ಲೂ ಕೆಂಪು ಎಲ್ಲಕ್ಕಿಂತ ಮೊದಲು.

ದುಬೈಗೆ ಹೋಗುವವರು ಅಲ್ಲಿನ ಡಾಲ್ಫಿನ್ ಕೊಳದ ಫೋಟೊ ತೆಗೆಯುವುದು ಹೇಗೆ ಎಂದು ಕೇಳುತ್ತಾರೆ. ವೇಗದ ಶಟರ್, ಫ್ಲ್ಯಾಶ್ ಬೇಡ, ನೆಗೆಯುವ ಮೊದಲು ತರಬೇತುದಾರರ ಕೈಸನ್ನೆ ನೋಡಿ ಎಂದು ಹೇಳಿಕೊಡುತ್ತೇನೆ. ಜೊತೆಗೆ, ನಾನಾಗಿದ್ದರೆ ಟಿಕೆಟ್ ಕೊಳ್ಳುವುದಿಲ್ಲ ಎಂದೂ ಹೇಳುತ್ತೇನೆ. ಕಡಲಲ್ಲಿ ಮೈಲಿಗಟ್ಟಲೆ ಈಜಾಡುವ ಪ್ರಾಣಿಯನ್ನು ಒಮ್ಮೆ ನೋಡಿದ ಮೇಲೆ ಕೊಳದಲ್ಲಿ ಸುತ್ತುವುದನ್ನು ನೋಡಲು ನನ್ನಿಂದ ಆಗದು.

ದುಡ್ಡಿಲ್ಲದೆ ಕಡಲಜೀವಿಗಳನ್ನು ತೆಗೆಯಬೇಕೆಂದರೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದ ಹೊತ್ತಿಗೆ ಅಂಜುಣದ ಬಂಡೆಗಳಿಗೆ ಹೋಗಿ. ಹೊಂಡಗಳಲ್ಲಿ ಏಡಿ, ಶಂಖದೊಳಗಿನ ಸನ್ಯಾಸಿ ಏಡಿ, ಕಡಲಹೂಗಳು ಇರುತ್ತವೆ. ಪೋಲರೈಸರ್ ಕೆಲಸಕ್ಕೆ ಬರುವುದು ಇಲ್ಲಿ. ಎತ್ತಿದ ಕಲ್ಲನ್ನು ಮೊದಲಿದ್ದಂತೆಯೇ ಮರಳಿ ಇಡಿ. ಮುಂಬಯಿಯವರಾದರೆ ‘ಮರೈನ್ ಲೈಫ್ ಆಫ್ ಮುಂಬೈ’ ಬಳಗ 2017ರಿಂದ ಆ ಊರಿನ ಬಂಡೆದಡಗಳಲ್ಲಿ ಜನರನ್ನು ಕರೆದೊಯ್ದು ಇವನ್ನೆಲ್ಲ ತೋರಿಸುತ್ತ ಬಂದಿದೆ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾವನ್ನು ಒರೆಸಿ, ಆಮೇಲೆ ಒಣಬಟ್ಟೆ. ಉಪ್ಪಿನ ಹರಳು ಕೂತ ಲೆನ್ಸನ್ನು ಒಣಗಿದ ಬಟ್ಟೆಯಿಂದ ಮೊದಲೇ ಉಜ್ಜಿದರೆ ಗೀರು ಬೀಳುತ್ತದೆ. ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಗೋವಾದ ಸೆಕೆಗೆ ಲೆನ್ಸ್ ಮಂಜುಗಟ್ಟುತ್ತದೆ, ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಇಲ್ಲವಾದರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ.

ಚಿತ್ರಗಳನ್ನು ಆರಿಸುವಾಗ ಮುಖ ಕಾಣದ, ರೆಕ್ಕೆ ಮಾತ್ರ ಇರುವ ಚಿತ್ರಗಳನ್ನು ಅಳಿಸಿಬಿಡಬೇಡಿ. ಪ್ರತಿ ಡಾಲ್ಫಿನ್‌ನ ಬೆನ್ನುರೆಕ್ಕೆಯಲ್ಲೂ ಅದರದೇ ಆದ ಕಚ್ಚು, ಗಾಯ, ಕಲೆಗಳಿರುತ್ತವೆ. ಸಂಶೋಧಕರು ಒಂದೊಂದನ್ನೂ ಗುರುತಿಸುವುದು ಅದರಿಂದಲೇ. ಪಕ್ಕದಿಂದ ನೇರವಾಗಿ ತೆಗೆದ, ರೆಕ್ಕೆಯ ಹಿಂಬದಿಯ ಅಂಚು ಸ್ಪಷ್ಟವಾಗಿರುವ ಚಿತ್ರವಿದ್ದರೆ ದಿನಾಂಕ, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ. ಎಡ ಪಕ್ಕ, ಬಲ ಪಕ್ಕ ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು. ದಡದಲ್ಲಿ ಸತ್ತ ಅಥವಾ ಸಿಕ್ಕಿಬಿದ್ದ ಡಾಲ್ಫಿನ್ ಕಂಡರೆ ಅದರೊಂದಿಗೆ ಸೆಲ್ಫಿ ತೆಗೆಯುವವರನ್ನು ದೂರ ಕಳಿಸಿ, ಮೊದಲು ಬೀಚಿನ ಜೀವರಕ್ಷಕರಿಗೂ ಅರಣ್ಯ ಇಲಾಖೆಗೂ ತಿಳಿಸಿ. ಆಮೇಲೆ ಪಕ್ಕದಲ್ಲಿ ಚಪ್ಪಲಿಯನ್ನೋ ಅಳತೆಪಟ್ಟಿಯನ್ನೋ ಇಟ್ಟು ಇಡೀ ದೇಹ, ತಲೆ, ರೆಕ್ಕೆ, ಬಾಲ, ಬಲೆಯ ಗುರುತು ಹೀಗೆ ಒಂದೊಂದನ್ನೂ ತೆಗೆದು ಅವರಿಗೆ ಕೊಡಿ. ಜೀವ ಇದ್ದರೆ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ನೆರಳು ಮಾಡಿ, ನೆತ್ತಿಯ ಉಸಿರುರಂಧ್ರವನ್ನು ಮಾತ್ರ ಮುಚ್ಚಬೇಡಿ, ಅದರೊಳಗೆ ನೀರೂ ಹೋಗಬಾರದು.